ಮೂವರ ಬಾಯಲ್ಲೂ ಒಂದೇ ಮಾತು

ಪೊಲೀಸಮ್ಮ ಅಂತ ಅವಳಿಗೆ ಹೆಸರಿಟ್ಟವನು ಗಂಡ. ಬೆಳಗಿನ ಹೊತ್ತು ತನ್ನ ಪಾಡಿಗೆ ಕಥೆ ಬರೆಯುತ್ತಾಳೆ, ಹೊಟ್ಟೆಪಾಡಿಗೆ, ತೀರಿಕೊಂಡವರ ಜೀವನ ಬರೆದುಕೊಡುತ್ತಾಳೆ. ಮನೆಮಂದಿಯನ್ನೆಲ್ಲ ಕೇಳಿ ನಲವತ್ತು ಪುಟದ ನೆನಪಿನ ಪುಸ್ತಕ ಮಾಡಿಕೊಡುವುದು ಕೆಲಸ. ಯಾರು ಏನೇ ಹೇಳಲಿ, "ಹೌದಾ?" ಎಂದು ಒಂದು ಹುಬ್ಬು ಮೇಲೇರುತ್ತದೆ. ಹಾಲಿನವನ ಮುಂದೆಯೂ ಅದೇ ಹುಬ್ಬು.

ಗಂಡ ನಗಲಿ ಬಿಡಿ, ಅವಳು ಬರೆಯುವುದೇ ಆ ಅನುಮಾನದ ಬಲದಿಂದ. ಒಳಗಿನಿಂದ ಏನೋ ಒಂದು "ಉಹೂಂ" ಎಂದರೆ ಆ ಸಾಲು ಬರೆಯುವುದಿಲ್ಲ. ಒಮ್ಮೆ ಮಾತ್ರ, ಮನೆಯವರನ್ನೆಲ್ಲ ಗೋಳು ಹೊಯ್ದುಕೊಂಡಿದ್ದ ಒಬ್ಬ ಅಧಿಕಾರಿಯನ್ನು "ಕರುಣಾಮಯಿ" ಎಂದು ಬರೆದುಬಿಟ್ಟಳು. ಆಮೇಲೆ ಎಂಟು ತಿಂಗಳು ಅವಳ ಸ್ವಂತ ಕಥೆಯ ಒಂದು ಸಾಲೂ ಹುಟ್ಟಲಿಲ್ಲ. ಆ ಎಂಟು ತಿಂಗಳು ನೆನೆಸಿಕೊಂಡರೆ ಈಗಲೂ ಅವಳಿಗೆ ಭಯವೇ.

ಈ ಸಲ ಬರೆಯಬೇಕಾಗಿದ್ದುದು ಒಬ್ಬ ಹೊಲಿಗೆಯವಳ ಬಗ್ಗೆ. ಅರ್ಧ ಊರಿನ ಮಕ್ಕಳಿಗೆ ಯೂನಿಫಾರ್ಮು ಹೊಲಿದವಳು, ತೀರಿಕೊಂಡು ವರ್ಷವಾಗಿತ್ತು. ಪುಸ್ತಕ ಬೇಕೆಂದವಳು ಕೊನೆಯ ಮಗಳು ಪುಟ್ಟಿ. ಅಣ್ಣನಿಗೂ ಅಕ್ಕನಿಗೂ ಅದು ಅಷ್ಟಾಗಿ ಇಷ್ಟವಿರಲಿಲ್ಲ. ಅಲ್ಲೇ ಪೊಲೀಸಮ್ಮನ ಕಿವಿ ನಿಮಿರಿತು.

ಗ್ಯಾರೇಜಿನಲ್ಲಿ ಅಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ. "ಅಮ್ಮ ಒಂದಿನಾನೂ ನೋವು ಅನ್ಲಿಲ್ಲ ಮೇಡಂ. ನಗ್ತಾನೇ ಹೋದ್ಲು." ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಟೀಚರ್ ಅಕ್ಕ, ಪೇಪರು ತಿದ್ದುತ್ತ, ತಲೆ ಎತ್ತದೆ ಅಂದಳು, "ಒಂದಿನಾನೂ ನೋವು ಅನ್ಲಿಲ್ಲ. ನಗ್ತಾನೇ ಹೋದ್ಲು." ಪುಟ್ಟಿಯೂ ಅದನ್ನೇ ಹೇಳಿ, "ಅಣ್ಣ ಅಕ್ಕಾನೂ ಹೀಗೇ ಹೇಳಿದ್ರಾ?" ಎಂದು ಕೇಳಿದಳು.

ಪಾಠ ಸರಿಯಾಗಿ ಒಪ್ಪಿಸಿದರೋ ಇಲ್ಲವೋ ಅಂತ ನೋಡ್ತಿದ್ದಾಳೆ ಕಳ್ಳಿ, ಅಂದುಕೊಂಡಳು ಪೊಲೀಸಮ್ಮ.

ಒಡಹುಟ್ಟಿದವರ ನೆನಪು ಯಾವತ್ತೂ ತಾಳೆಯಾಗುವುದಿಲ್ಲ, ಇಷ್ಟು ವರ್ಷದ ಕೆಲಸ ಅವಳಿಗೆ ಕಲಿಸಿದ್ದು ಅದು. ಈ ಮೂವರೂ ಬೇರೆಲ್ಲದಕ್ಕೂ ಜಗಳವಾಡಿದ್ದರು. ಹೊಲಿಗೆ ಮಿಷನ್ನು ಕಿಟಕಿ ಹತ್ತಿರ ಇತ್ತೋ ಬಾಗಿಲ ಹತ್ತಿರವೋ, ಸ್ಕೇಲಿನಲ್ಲಿ ಹೆಚ್ಚು ಏಟು ತಿಂದವರು ಯಾರು, ಒಂದಕ್ಕೂ ಒಮ್ಮತವಿಲ್ಲ. ಅಮ್ಮನ ಸಾವಿಗೆ ಮಾತ್ರ ಒಂದಕ್ಷರ ಆಚೀಚೆ ಇಲ್ಲ! ಮುದುಕಿಯನ್ನು ನೋಡಿಕೊಳ್ಳದೆ ಸಾಯಿಸಿಬಿಟ್ಟರಾ? ಮತ್ತೆ ಗ್ಯಾರೇಜಿಗೆ ಹೋಗಿ ಕೆದಕಿದಳು.

"ಹೇಳಿದಷ್ಟು ಬರ್ಕೊಳ್ಳಿ ಮೇಡಂ," ಎಂದು ಅವನು ಕಾರಿನ ಕೆಳಗೆ ತೂರಿಕೊಂಡ.

ಅಮ್ಮ ಸತ್ತ ಕೋಣೆಯನ್ನಾದರೂ ತೋರಿಸಿ ಎಂದು ಅಕ್ಕನಿಗೆ ದುಂಬಾಲು ಬಿದ್ದಳು. ಸಣ್ಣ ಕೋಣೆ, ಒಂದೇ ಕಿಟಕಿ. ಕಿಟಕಿಗೆ ಒಳಗಿನಿಂದ ಹಳೆ ಹಾಸಿಗೆಯೊಂದನ್ನು ಮಡಿಸಿ ಮೊಳೆ ಹೊಡೆದಿದ್ದರು.

"ಇದೇನು?"

"ಧೂಳು ಬರತ್ತೆ."

"ಆಚೆ ಇರೋದು ಪಕ್ಕದ ಮನೆ ಗೋಡೆ ಕಣಮ್ಮಾ, ಯಾವ ಧೂಳು? ಕೂಗು ಹೊರಗೆ ಹೋಗಬಾರದು ಅಂತ ತಾನೆ?"

ಅಕ್ಕ ಕೋಣೆಯ ಬಾಗಿಲು ಮುಚ್ಚಿಬಂದಳು. "ಹದಿನೇಳು ದಿನ ಕೂಗಿದ್ಲು. ಯಾವ ಇಂಜೆಕ್ಷನ್ನೂ ನಾಟಲಿಲ್ಲ. ಪುಟ್ಟೀ, ಪುಟ್ಟೀ ಅಂತ. ಪುಟ್ಟಿ ಆಗ ಗಂಡನ ಮನೇಲಿ, ಎಂಟು ತಿಂಗಳ ಬಸುರಿ, ಹಾಸಿಗೆ ಬಿಟ್ಟು ಏಳಬಾರದು ಅಂದಿದ್ರು ಡಾಕ್ಟ್ರು. ಪಕ್ಕದ ಮನೆಯವರು ಕೇಳಿಸ್ಕೊಂಡು ಅವಳಿಗೆ ಸುದ್ದಿ ಮುಟ್ಟಿಸಿದ್ರೆ ಎದ್ದು ಓಡಿ ಬರ್ತಾಳೆ ಅಂತ ಕಿಟಕಿ ಮುಚ್ಚಿದ್ವಿ. ಒಂಚೂರು ನೋವು ಇಳಿದಾಗ ಅಮ್ಮಾನೇ ನಮ್ಮಿಬ್ಬರನ್ನ ಕೂರಿಸ್ಕೊಂಡು, ಅವಳಿಗೆ ಹೀಗೇ ಹೇಳಿ ಅಂತ ಬಾಯಿಪಾಠ ಮಾಡಿಸಿದ್ಲು. ದಮ್ಮಯ್ಯ, ಬರೀಬೇಡಿ."

ಪೊಲೀಸಮ್ಮನಿಗೆ ನಾಚಿಕೆಯಾಯಿತು. ಸುಳ್ಳಿದೆ ಎಂದದ್ದು ಸರಿ, ಸುಳ್ಳು ಹೇಳಿದವರ ಬಗ್ಗೆ ಯೋಚಿಸಿದ್ದೆಲ್ಲ ತಪ್ಪು. ಇನ್ನೇನು, ಆ ಸಾಲು ಬರೆದು ಮುಗಿಸೋಣ ಎಂದು ಕೂತರೆ ಮತ್ತೆ ಅದೇ "ಉಹೂಂ". "ಈಗೇನು ನಿನ್ನ ರಗಳೆ?" ಎಂದು ತನ್ನನ್ನೇ ಬೈದುಕೊಂಡಳು. ನಾಲ್ಕು ದಿನ ಬರೆದಳು, ಹರಿದಳು.

ಐದನೆಯ ದಿನ ಮೂವರನ್ನೂ ಕೂರಿಸಿ, ಬರೆದದ್ದನ್ನು ಓದಿದಳು. ಕೊನೆಯ ಪುಟ ಖಾಲಿ.

"ನೀವು ಹೇಳಿದ ಆ ಒಂದು ಮಾತು ನನ್ನ ಕೈಯಲ್ಲಿ ಬರೆಯೋಕಾಗಲ್ಲ. ಯಾಕೆ ಅಂತ ಹೇಳೋ ಹಕ್ಕೂ ನನಗಿಲ್ಲ. ಬೇಕಿದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ."

ಪುಟ್ಟಿ ಅಕ್ಕನ ಕಡೆ ತಿರುಗಿದಳು.

"ಇವರಿಗೂ ನಂಬಿಕೆ ಬರ್ಲಿಲ್ಲ ನೋಡು. ನಿಜ ಹೇಳಕ್ಕಾ. ಅಮ್ಮ ನನ್ನನ್ನ ಕೇಳಿದ್ಲಾ?"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅಂದಳು, "ಕೇಳಿದ್ಲಾ ಅಂತೀಯಾ? ಹದಿನೇಳು ದಿನ ಇನ್ನೊಂದು ಹೆಸರು ಬಂದಿಲ್ಲ ಕಣೇ ಅವಳ ಬಾಯಲ್ಲಿ."

ಪುಟ್ಟಿ ಅಕ್ಕನ ಭುಜಕ್ಕೆ ದಬದಬ ಗುದ್ದುತ್ತ ಅಳತೊಡಗಿದಳು. "ನಾನು ಬರ್ಲಿಲ್ಲ ಅನ್ನೋದು ಅವಳಿಗೆ ಗೊತ್ತೇ ಆಗ್ಲಿಲ್ಲವೇನೋ, ನನ್ನ ನೆನಪೇ ಇಲ್ದೆ ನಗ್ತಾ ಹೋದ್ಲೇನೋ ಅಂತ ಒಂದು ವರ್ಷ ಅತ್ತಿದ್ದೀನಲ್ಲೇ ಅಕ್ಕಾ!"