ಉಪ್ಪು ಹಾಕಿದ ಮಾಸು

ಹೆಣ್ಣಿನ ದೇಹದಲ್ಲಿ ಬಸಿರಿನಷ್ಟೇ ಕಾಲ ಬಾಳುವ ಅಂಗವೊಂದಿದೆ: ಕೂಸನ್ನು ಪೊರೆದು, ಕೂಸಿನ ಹಿಂದೆಯೇ ಹೊರಬೀಳುವ ಮಾಸು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ್ದು ಅದರ ಸಂಶೋಧನೆಗೆ. ದಿನ ತುಂಬುವ ಹೊತ್ತಿಗೆ ಕೆಲವು ಕೂಸುಗಳು ಗರ್ಭದಲ್ಲೇ ಏಕೆ ಸಾಯುತ್ತವೆ ಎಂಬುದು ನಮ್ಮ ಪ್ರಶ್ನೆ. ಕೋಲಾರದಲ್ಲಿ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಬ್ಬ ಮಾರ್ಗದರ್ಶಕರು. ಹೆರಿಗೆ ವಾರ್ಡುಗಳಿಂದ ಮಾಸನ್ನು ತೊಳೆಯದೆ, ಏನೂ ಸೋಕಿಸದೆ, ಐಸಿನಲ್ಲಿಟ್ಟು ತರುವ ಕೆಲಸ ನನ್ನದು.

“ಏನಮ್ಮಾ, ಐಸ್ ಕ್ಯಾಂಡಿ ವ್ಯಾಪಾರಾನಾ?” ಎಂದು ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರು ನನ್ನ ಡಬ್ಬಿಯನ್ನು ಕಂಡಾಗಲೆಲ್ಲ ಕಿಚಾಯಿಸುತ್ತಿದ್ದ. ಒಳಗೇನಿದೆ ಎಂದು ಹೇಳಿದ್ದರೆ ಬಸ್ಸು ಅಲ್ಲೇ ಖಾಲಿಯಾಗುತ್ತಿತ್ತು.

ರಾಯಲ್ಪಾಡಿನ ಕಡೆಯ, ಟೊಮ್ಯಾಟೊ ಬೆಳೆಯುವ ಮನೆಯ ಸೊಸೆಯೊಬ್ಬಳಿಗೆ ಎರಡು ಕೂಸುಗಳು ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯ ಬಸಿರಿನಲ್ಲಿ ಅವಳು ಶ್ರೀನಿವಾಸಪುರದ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದಾಗ ಮಾಸನ್ನು ನಮಗೆ ಕೊಡುವಂತೆ ಅವಳನ್ನೂ ಜೊತೆಗೆ ಬಂದಿದ್ದ ಅತ್ತೆಯನ್ನೂ ಕೇಳಿದೆ.

“ಕೊಟ್ರೆ, ಯಾಕೆ ಹೋಗ್ಬಿಟ್ವು ಅಂತ ಹೇಳ್ತೀರಾ?” ಎಂದಳು ಸೊಸೆ.

“ಹೇಳ್ತೀವಿ” ಎಂದೆ. ಹಾಗೆ ಹೇಳಿಯೇ ಒಪ್ಪಿಸಬೇಕೆಂದು ಮಾರ್ಗದರ್ಶಕರು ನಮಗೆ ಕಲಿಸಿದ್ದರು. ಇಬ್ಬರೂ ಒಪ್ಪಿದರು.

ಮೂರನೆಯದೂ ಉಳಿಯಲಿಲ್ಲ. ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ವಾರ್ಡಿನ ಆಯಾ, ವಾಡಿಕೆಯಂತೆ, ಮಾಸನ್ನು ಅತ್ತೆಯ ಕೈಗೆ ಕೊಟ್ಟಿದ್ದಳು. ಅತ್ತೆ ಮಾತಿಗೆ ತಪ್ಪಲಿಲ್ಲ. ವಾರ್ಡಿನ ಹೊರಗೆ ನನಗಾಗಿಯೇ ಕಾದಿದ್ದರು. ಆದರೆ ಕೈಯಲ್ಲಿದ್ದುದು ಹೊಸ ಮಡಕೆ. ಅದರೊಳಗೆ, ಹಿತ್ತಿಲಲ್ಲಿ ಹೂಳುವುದಕ್ಕೆಂದು ಅಣಿಮಾಡುವ ಹಾಗೆ ಚೆನ್ನಾಗಿ ತೊಳೆದು, ಅರಿಶಿನ ಸವರಿ, ಕಲ್ಲುಪ್ಪು ಮುಚ್ಚಿ, ಬೇವಿನ ಸೊಪ್ಪು ಹೊದಿಸಿದ ಮಾಸು. ಉಪ್ಪು ಅದರ ನೀರನ್ನೆಲ್ಲ ಎಳೆದಿತ್ತು.

“ಹಂಗೇ ಹಸೀದು ಕೊಟ್ಟು ಕಳ್ಸೋಕಾಗ್ತದಾ ಡಾಕ್ಟ್ರಮ್ಮಾ? ಕೂಸಿಗಂತೂ ಅರಿಶಿನ ಹಚ್ಚೋ ಯೋಗ ಇಲ್ಲ, ಇದಕ್ಕಾದ್ರೂ ಹಚ್ಚಿದೆ. ಉಪ್ಪು ಹಾಕಿದೀನಿ, ಕೆಡಲ್ಲ ತಲ್ಲೀ.”

ನಾನು ಡಾಕ್ಟರಲ್ಲ ಎನ್ನದೆ ಮಡಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಕೋಲಾರದಲ್ಲಿ ಮಾರ್ಗದರ್ಶಕರು ಮಡಕೆಯೊಳಗೆ ಒಮ್ಮೆ ಇಣುಕಿದರು. “ಬಿಸಾಕಮ್ಮಾ. ಇನ್ಮೇಲೆ ಮನೆಯವರನ್ನ ಕೇಳೋಕೇ ಹೋಗ್ಬೇಡ. ಆಯಾ ಕೈಯಿಂದ ಸೀದಾ ತಗೊಂಡ್ಬಿಡು.”

“ಸರ್, ಆಕೆಗೆ ಕಾರಣ ಹೇಳ್ತೀವಿ ಅಂದಿದ್ವಿ. ಮಾಸು ಹೋದ್ರೂ ಆಕೆಯ ರಕ್ತ ಪರೀಕ್ಷೆ ಮಾಡಬಹುದಲ್ಲ? ರಕ್ತದ ಗುಂಪು, ಸಕ್ಕರೆ ನೋಡಿದ್ರೂ ಕೆಲವು ಸಲ ಕಾರಣ ಸಿಗುತ್ತೆ.”

“ಅದು ನಮ್ಮ ಯೋಜನೆಯಲ್ಲಿಲ್ಲ. ನೀನು ಬಂದಿರೋದು ಸಂಶೋಧನೆಗೋ, ಸಮಾಜಸೇವೆಗೋ?”

“ಸರಿ ಸರ್. ಕೆಡದೆ ಬಂದ ಮಾಸುಗಳಿವೆಯಲ್ಲ, ಆ ತಾಯಂದಿರಲ್ಲಿ ಯಾರಿಗೆ ಹೇಳಿದ್ದೀವಿ?”

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಬ್ಬರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಒಂದು ದಿನವನ್ನಾಗಲಿ, ಒಬ್ಬ ಮನುಷ್ಯನನ್ನಾಗಲಿ ನಮ್ಮ ಯೋಜನೆ ಗೊತ್ತುಮಾಡಿರಲಿಲ್ಲ. ಉಪ್ಪು ಬೀಳದಿದ್ದರೂ ರಾಯಲ್ಪಾಡಿಗೆ ಉತ್ತರ ಹೋಗುತ್ತಿರಲಿಲ್ಲ. ಐಸಿಗೆ ಏರ್ಪಾಡು ಮಾಡಿದ ವಿಜ್ಞಾನ, ತಾಯಿಯ ಮುಂದೆ ಕೂತು ಮಾತನಾಡುವುದಕ್ಕೆ ಏರ್ಪಾಡು ಮಾಡಲಿಲ್ಲವೇಕೆ? ಈ ಪ್ರಶ್ನೆಯನ್ನು ನಾನು ಆಮೇಲೆ ಸಭೆಗಳಲ್ಲಿ ಕೇಳಿದ್ದೇನೆ, ಎದ್ದು ನಿಂತು ಕೇಳಿದ್ದೇನೆ. ಪ್ರತಿ ಸಲವೂ ಕಾಫಿಗೆ ವಿರಾಮ ಘೋಷಿಸಿದರು.

ಮಡಕೆಯನ್ನು ನಾನು ಬಿಸಾಡಲಿಲ್ಲ. ಮೂರು ದಿನ ಬಿಟ್ಟು ರಾಯಲ್ಪಾಡಿಗೆ ಒಯ್ದೆ. ಅತ್ತೆ ಬೇವಿನ ಸೊಪ್ಪನ್ನು ಸರಿಸಿ ಒಳಗೆ ನೋಡಿದರು.

“ನಾನು ಉಪ್ಪು ಹಾಕಿದ್ದಕ್ಕೇನಮ್ಮಾ, ತಿಳೀದೆ ಹೋಯ್ತಾ?”

“ಇಲ್ಲಮ್ಮ. ನಿಮ್ಮಿಂದಲ್ಲ. ನಮ್ಮೋರು ಯಾವ ತಾಯಿಗೂ ಕಾರಣ ಹೇಳೋದಿಲ್ಲ. ಜಿಲ್ಲಾ ಆಸ್ಪತ್ರೇಲಿ ಸೊಸೆಯ ರಕ್ತ ಪರೀಕ್ಷೆ ಮಾಡ್ಸಿ. ಬೇಕಾದ್ರೆ ಜೊತೆಗೆ ನಾನೂ ಬರ್ತೀನಿ.”

ಚಾಪೆಯ ಮೇಲೆ ಮಲಗಿದ್ದ ಸೊಸೆ ಗೋಡೆಯ ಕಡೆಯಿಂದ ಈಚೆಗೆ ತಿರುಗಿದಳು. ಎದೆಹಾಲು ಸೋರಿ ಸೀರೆಯ ಸೆರಗು ಒದ್ದೆಯಾಗಿತ್ತು.

“ರಕ್ತ ನೋಡಿದ್ರೆ ಗೊತ್ತಾಗೋ ಹಂಗಿದ್ರೆ, ಆಗ್ಲೇ ಯಾಕೆ ನೋಡ್ಲಿಲ್ಲ? ಆಗ ಇದು ಹೊಟ್ಟೇಲಿ ಒದೀತಿತ್ತಲ್ಲಾ.”