ಹಳೆಯ ಕಂಪನಿಯ ಹದ

ಡಿಪ್ಲೊಮಾ ಮುಗಿಸಿ ನಾಗಸಂದ್ರದ ಸ್ಪ್ರಿಂಗ್ ಫ್ಯಾಕ್ಟರಿಗೆ ನಾನು ಸೇರಿದ ಎರಡನೆಯ ವರ್ಷ ಹೊಸ ಸೂಪರ್‌ವೈಸರ್ ಬಂದರು. ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ಹಳೆಯ ಮನೆತನದವರು, ಐವತ್ತು ದಾಟಿದವರು. ಅದುವರೆಗೆ ಇನ್ನೊಂದು ಕಂಪನಿಯಲ್ಲಿ ಸ್ಪ್ರಿಂಗು ಕಾಯಿಸಿ ಹದ ಮಾಡುವ ಫರ್ನೇಸ್ ನೋಡಿಕೊಂಡಿದ್ದರು. ಅಲ್ಲಿಯ ಸ್ಪ್ರಿಂಗು ಮುರಿಯುತ್ತಿರಲಿಲ್ಲ, ನಮ್ಮದು ಮುರಿಯುತ್ತಿತ್ತು. ನಮ್ಮ ಯಜಮಾನರು ಅವರನ್ನು ಕರೆತಂದದ್ದೇ ಅದಕ್ಕೆ.

ಮೊದಲ ವಾರವೇ ಕೇಳಿದರು: "ಅಲ್ಲಿ ಎಷ್ಟು ಡಿಗ್ರಿಗೆ, ಎಷ್ಟೊತ್ತು ಇಡ್ತಿದ್ರಿ? ಬರ್ದು ಕೊಟ್ಬಿಡಿ."

"ಅದು ಅವರದು ಸಾರ್. ಯಾರಿಗೂ ಹೇಳಲ್ಲ ಅಂತ ಸೈನ್ ಹಾಕಿದೀನಿ. ಎಷ್ಟ್ ಬೇಕಾದ್ರೂ ದುಡೀತೀನಿ, ಅದೊಂದು ಕೇಳ್ಬೇಡಿ."

ಯಜಮಾನರು ಸಿಟ್ಟಿನಲ್ಲೇ ವಕೀಲರಿಗೆ ಫೋನ್ ಮಾಡಿದರು. ವಕೀಲರೂ ಅದನ್ನೇ ಹೇಳಿದರು: ಕೈಯಲ್ಲಿರುವ ಕಸುಬು ಆತನದು, ಕಂಪನಿಯ ಗುಟ್ಟು ಕಂಪನಿಯದು.

"ಈ ಹುಡುಗಿ ಮೊದಲಿಂದ ಪ್ರಯೋಗ ಮಾಡ್ಲಿ ಸಾರ್" ಎಂದು ಸೂಪರ್‌ವೈಸರ್ ನನ್ನತ್ತ ತೋರಿಸಿದರು. "ನಾನು ಹತ್ರ ನಿಂತ್ರೆ ನನ್ನ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತೆ." ಮಾಡಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಡು ಎಂದು ನನಗೆ ಹೇಳಿ, ಗ್ರೈಂಡಿಂಗ್ ಕಡೆಗೆ ಹೊರಟುಹೋದರು.

ಆರು ತಿಂಗಳು ಸ್ಪ್ರಿಂಗು ಮುರಿದದ್ದೇ ಮುರಿದದ್ದು. ಒಂದು ದಿನ ಊಟದ ಹೊತ್ತಿನಲ್ಲಿ ತಡೆಯಲಾರದೆ ನನ್ನ ಪುಸ್ತಕವನ್ನು ಅವರೆದುರು ಹಿಡಿದೆ.

"ಸರಿಯಾದ ದಾರೀಲಿದೀನಾ ಇಲ್ವಾ, ಅಷ್ಟಾದ್ರೂ ಹೇಳಿ ಸಾರ್."

ಅವರು ಡಬ್ಬಿ ಮುಚ್ಚಿ ಎದ್ದರು. "ನೋಡಿದ್ರೆ ನನ್ನ ಮುಖಾನೇ ಹೇಳ್ಬಿಡುತ್ತೆ ಕಣಮ್ಮ" ಎಂದು ಹೊರಗೆ ನಡೆದರು. ಎಂಥ ಹಟಮಾರಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಏಳನೆಯ ತಿಂಗಳು ನಮ್ಮ ಸ್ಪ್ರಿಂಗು ಪರೀಕ್ಷೆಯಲ್ಲಿ ಗೆದ್ದಿತು. ಮಾಲು ಹೊರಗೆ ಹೋದ ಸ್ವಲ್ಪ ದಿನಕ್ಕೇ ಹಳೆಯ ಕಂಪನಿಯಿಂದ ಸೂಪರ್‌ವೈಸರ್ ಹೆಸರಿಗೂ ನಮ್ಮ ಫ್ಯಾಕ್ಟರಿಗೂ ನೋಟಿಸು ಬಂತು: ಇವರು ನಮ್ಮ ಗುಟ್ಟು ಕದ್ದಿದ್ದಾರೆ ಎಂದು. ಸೂಪರ್‌ವೈಸರ್ ಕಾಗದ ಮಡಚಿ ಜೇಬಿಗಿಟ್ಟುಕೊಂಡು, "ನಿನ್ನ ಪುಸ್ತಕ ಜೋಪಾನ ಕಣಮ್ಮ" ಎಂದರು. ಅಷ್ಟು ದಿನ ಅವರ ಮೇಲಿದ್ದ ನನ್ನ ಮುನಿಸು ಆ ಕ್ಷಣ ನಾಚಿಕೆಯಾಯಿತು.

ಎರಡೂ ಕಡೆಯವರು ವಕೀಲರ ಕಚೇರಿಯಲ್ಲಿ ಸೇರಿದರು. ನಾನು ಪುಸ್ತಕ ಬಿಚ್ಚಿ, ಮುರಿದ ಒಂದೊಂದು ಸ್ಪ್ರಿಂಗಿನ ಕಥೆಯನ್ನೂ ಹೇಳಿದೆ. ಗೆದ್ದ ಹದವಿದ್ದ ಕೊನೆಯ ಪುಟಗಳನ್ನು ಮಾತ್ರ ನಮ್ಮ ವಕೀಲರು ಪಿನ್ ಹೊಡೆದು ಮುಚ್ಚಿದ್ದರು. ಅದೀಗ ನಮ್ಮ ಗುಟ್ಟು.

ಅವರ ಕಡೆಯ ಎಂಜಿನಿಯರ್ ಕೇಳಿದರು: "ಇವರು ನಿಮಗೇನೂ ಹೇಳ್ಲೇ ಇಲ್ವಾ?"

"ಹೇಳಿದ್ರೆ ಇಷ್ಟೊಂದು ಯಾಕೆ ಮುರೀತಿದ್ದೆ ಸಾರ್?"

ಅವರು ನಕ್ಕುಬಿಟ್ಟರು. ವಾರದೊಳಗೆ ನೋಟಿಸು ಹಿಂತೆಗೆದುಕೊಂಡ ಪತ್ರ ಬಂತು. ಸೂಪರ್‌ವೈಸರ್ ಅದನ್ನು ಎರಡು ಸಲ ಓದಿದರು.

"ಇದರದ್ದೊಂದು ಜೆರಾಕ್ಸ್ ಸಿಗುತ್ತಾಮ್ಮ? ಮನೇಲಿ ತೋರಿಸ್ಬೇಕು. ನೋಟಿಸು ಬಂದಾಗಿಂದ ನಮ್ಮನೆಯವಳು ಸರಿಯಾಗಿ ಊಟಾನೇ ಮಾಡಿಲ್ಲ."

ನಾನೇ ಹೋಗಿ ಎರಡು ಪ್ರತಿ ಮಾಡಿಸಿಕೊಂಡು ಬಂದೆ.