ಹಲಗೆಯ ಮೇಲಿನ ಎರಡು ಖಾಲಿ ಮೊಳೆ

ನನ್ನ ಅಕ್ಕನನ್ನು ಎಲ್ಲರೂ ಕರೆಯುವುದು ಟೋಕನ್ ಅಕ್ಕ ಎಂದೇ. ದೊಡ್ಡ ಗ್ರಂಥಾಲಯದ ಬಾಗಿಲಲ್ಲಿ ಕೂತು, ಓದಲು ಬಂದವರ ಚೀಲ ಇಸಿದುಕೊಂಡು, ಗೂಡಿನಲ್ಲಿಟ್ಟು, ನಂಬರಿನ ಟೋಕನ್ ಕೊಡುವುದು ಅವಳ ಕೆಲಸ. ಅವಳಿಗೆ ಯಾರ ಹೆಸರೂ ಗೊತ್ತಿಲ್ಲ, ಎಲ್ಲರನ್ನೂ ನಂಬರ್ ಹಿಡಿದೇ ಕೂಗುತ್ತಾಳೆ. ಮರೆತು ಟೋಕನ್ ಮನೆಗೆ ಒಯ್ದವರು ಮರುದಿನ ಅವಳ ಮುಂದೆ ನಿಲ್ಲಲು ಹೆದರುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಡಹುಟ್ಟಿದವಳು ಅಂತ ನನಗೂ ರಿಯಾಯಿತಿ ಇಲ್ಲ.

ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟು ಒಂದು ವಿದೇಶ ಪ್ರವಾಸಕ್ಕೆ ಹೊರಟೆವು. ಗುಂಪಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು, ಮರೆವಿಗೆ ಇನ್ನೊಂದು ಹೆಸರು. ಒಂದು ದಿನ ಬೆಳಿಗ್ಗೆ ಅವರು ಕನ್ನಡಕವನ್ನು ಹೋಟೆಲಿನಲ್ಲೇ ಬಿಟ್ಟು ಬಂದಿದ್ದರಿಂದ ಬಸ್ಸು ವಾಪಸು ತಿರುಗಬೇಕಾಯಿತು. ಅಕ್ಕ ಬಿಡುತ್ತಾಳೆಯೇ? ನಲವತ್ತು ಜನರ ಸಮಯ ಹಾಳು ಮಾಡಿದಿರಿ ಎಂದು ಎಲ್ಲರೆದುರು ಅವರ ನೀರಿಳಿಸಿಬಿಟ್ಟಳು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಕಿಟಕಿಯಾಚೆ ನೋಡುತ್ತ ಕೂತರು.

ಅಂದು ನೋಡಿದ್ದು ಹಳೆಯ ತಾಮ್ರದ ಗಣಿ. ಕೆಲಸ ನಿಂತು ಎಷ್ಟೋ ಕಾಲವಾದರೂ ಅಲ್ಲಿನ ಒಂದು ಪದ್ಧತಿ ನಿಂತಿಲ್ಲ. ಬಾಗಿಲ ಬಳಿ ಮೊಳೆ ಹೊಡೆದ ಹಲಗೆ, ಮೊಳೆಗೊಂದು ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆ. ಇಳಿಯುವವರು ಒಂದೊಂದು ತೆಗೆದುಕೊಂಡು ಹೋಗಬೇಕು, ಮೇಲೆ ಬಂದವರು ತಾವೇ ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಒಳಗೆ ಯಾರೋ ಉಳಿದಿದ್ದಾರೆಂದೇ ಅರ್ಥ. ನಮ್ಮನ್ನು ಕರೆದೊಯ್ದ ವಯಸ್ಸಾದ ಗೈಡ್, ಹಿಂದೆ ಅಲ್ಲೇ ಕಲ್ಲು ಒಡೆದವರು, ಮಂಡಿ ಹಿಡಿದುಕೊಂಡೇ ಇಳಿಯುತ್ತಿದ್ದರು. ಅಕ್ಕನಿಗೆ ತಗ್ಗು ಜಾಗದಲ್ಲೆಲ್ಲ ಕೈಕೊಟ್ಟು ದಾಟಿಸಿದರು. ಅವರ ಬಿಲ್ಲೆ ಯಾವಾಗಲೂ ಕೊನೆಗೆ ಹಲಗೆ ಸೇರುವುದಂತೆ.

ಮೇಲೆ ಬಂದು ಹೆಲ್ಮೆಟ್ ಒಪ್ಪಿಸಿ, ಬಿಸಿಬಿಸಿ ಕಾಫಿ ಕುಡಿದು ಬಸ್ ಹತ್ತಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೂರ್ ಮ್ಯಾನೇಜರಿಗೆ ಫೋನ್ ಬಂತು. ಹಲಗೆಯಲ್ಲಿ ಒಂದು ಬಿಲ್ಲೆ ಇಲ್ಲ. ಗೈಡ್ ಹುಡುಕಲು ಮತ್ತೆ ಕೆಳಗಿಳಿದಿದ್ದಾರೆ. ಮ್ಯಾನೇಜರ್ ತಲೆ ಎಣಿಸಿ, ನಮ್ಮವರೆಲ್ಲ ಇದ್ದಾರೆ ಎಂದ. ಅಂದು ಬೇರೆ ಗುಂಪುಗಳೂ ಬಂದಿದ್ದವು. ಫೋನಿನ ಮಾತು ಗಣಿಯವರಿಗೆ ನಡೆಯದು, ಮೊಳೆಯ ಮೇಲೆ ಬಿಲ್ಲೆ ಕಾಣಬೇಕು. ಗೈಡ್ ಇಳಿದಿದ್ದ ಅಷ್ಟು ಆಳಕ್ಕೆ ಫೋನೂ ಮುಟ್ಟದು. ಯಾರ ಹತ್ತಿರವಾದರೂ ಇದೆಯೇ ಎಂದು ಮ್ಯಾನೇಜರ್ ಒಬ್ಬೊಬ್ಬರನ್ನೇ ಕೇಳುತ್ತ ಬಂದ.

“ನನ್ನದು ಅಲ್ಲೇ ಹಾಕಿದೆ,” ಎಂದಳು ಅಕ್ಕ.

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ತಿರುಗಿತು. ಪಾಪ, ಅವರು ಜೇಬು ಹೊರಮಗುಚಿದರು, ಚೀಲವನ್ನು ತೊಡೆಯ ಮೇಲೆ ಸುರಿದುಕೊಂಡರು. ಮಾತ್ರೆ, ಬಾಚಣಿಗೆ, ಸಾಕ್ಸು ಎಲ್ಲ ಬಿತ್ತು, ಬಿಲ್ಲೆ ಬೀಳಲಿಲ್ಲ. “ನಂದೇ ಇರ್ಬೇಕು. ಎಲ್ಲೋ ಬೀಳಿಸ್ಕೊಂಡಿದೀನಿ, ನನ್ನ ಬುದ್ಧಿನೇ ಇಷ್ಟು,” ಎಂದರು.

ಪಕ್ಕದಲ್ಲಿ ಅಕ್ಕ ಪರ್ಸನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು.

“ಬಸ್ ತಿರುಗಿಸೋಕೆ ಹೇಳೇ,” ಎಂದಳು. “ನನ್ ಹತ್ರ ಇದೆ. ಹೆಲ್ಮೆಟ್ ಇಸ್ಕೊಂಡೋರು ಇದನ್ನೂ ಕೇಳ್ತಾರೆ ಅಂದ್ಕೊಂಡಿದ್ದೆ. ಯಾರೂ ಕೇಳ್ಲಿಲ್ಲ.”

ಕೊಟ್ಟವರೇ ಕೈಚಾಚಿ ಕೇಳಬೇಕು. ಅದು ಅವಳ ಕೌಂಟರಿನ ರೂಢಿ. ಅಲ್ಲಿಯವರೆಗಿನದು ನನಗೆ ಅರ್ಥವಾಯಿತು. ಗೊತ್ತಿದ್ದೂ ಹಾಕಿದೆ ಎಂದಿದ್ದೇಕೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಮೇಷ್ಟ್ರಿಗೆ ಆಡಿದ ಮಾತು ಅವಳ ಬಾಯಿ ಕಟ್ಟಿಹಾಕಿತ್ತು. ಬಸ್ಸು ತಿರುಗಿತು. ಮೇಷ್ಟ್ರು ತಮ್ಮ ಸಾಮಾನನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿಕೊಂಡರು. ಯಾರಾದರೂ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಲಗೆಯಲ್ಲಿ ಎರಡು ಮೊಳೆ ಖಾಲಿ ಇದ್ದವು. ಒಂದು ಅಕ್ಕನದು, ಒಂದು ಗೈಡ್ ಅವರದು. ಅಕ್ಕ ತನ್ನ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಿದಳು. ಗೈಡ್ ಅವರನ್ನು ಕರೆತರಲು ಗಣಿಯವರಿಬ್ಬರು ತಮ್ಮ ಬಿಲ್ಲೆ ತೆಗೆದುಕೊಂಡು ಕೆಳಗಿಳಿದರು. ಕಾದೆವು. ಅಕ್ಕ ಗೈಡ್ ಅವರ ಮೊಳೆಯಿಂದ ಕಣ್ಣು ಕೀಳಲಿಲ್ಲ.

ಕೊನೆಗೂ ಗೈಡ್ ಬಂದರು. ಸೊಂಟದವರೆಗೆ ಒದ್ದೆ, ಮಂಡಿಯ ಹತ್ತಿರ ಪ್ಯಾಂಟು ಹರಿದು ರಕ್ತ. ಮೊದಲು ಹಲಗೆ ನೋಡಿದರು, ಆಮೇಲೆ ಅಕ್ಕನನ್ನು. ನಗುತ್ತ ಬಂದು ಅವಳ ಎರಡೂ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು.

“ಎಲ್ಲಾ ಸುರಂಗದಲ್ಲೂ ನಿಮ್ಮ ನಂಬರ್ ಕೂಗ್ತಾ ಹೋದ್ರಂತೆ,” ಎಂದ ಮ್ಯಾನೇಜರ್. “ಉತ್ತರ ಬರ್ಲಿಲ್ಲ ಅಂತ ನೀರು ನಿಂತಿರೋ ಕಡೆಗೂ ಇಳಿದ್ರಂತೆ. ನೀವು ಬದುಕಿದೀರಲ್ಲ, ಅಷ್ಟು ಸಾಕಂತೆ.”

ಅಕ್ಕ ಬಿಕ್ಕಿದಳು. “ಇವ್ರು ಕೆಳಗಿದಾರೆ ಅಂತ ಗೊತ್ತಿದ್ದೂ ನಾನು ಸುಳ್ಳು ಹೇಳಿದೆ. ಅದನ್ನೂ ಹೇಳಿ ಅವ್ರಿಗೆ.”

ಮ್ಯಾನೇಜರ್ ಒಂದೇ ಒಂದು ಪದ ಹೇಳಿ ಸುಮ್ಮನಾದ. ಗೈಡ್ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು.

“ನಾನು ಹೇಳಿದ್ದು ಅಷ್ಟು ಚಿಕ್ಕ ಮಾತಲ್ಲ,” ಎಂದಳು ಅಕ್ಕ. “ಪೂರ್ತಿ ಹೇಳಿ.”

ಅವನು ಪೂರ್ತಿ ಹೇಳಿದ. ಗೈಡ್ ಅವರ ನಗು ಮೆಲ್ಲಗೆ ಇಳಿಯಿತು. ಹಿಡಿದಿದ್ದ ಕೈ ಬಿಟ್ಟರು. ಜೇಬಿನಿಂದ ತಮ್ಮ ಬಿಲ್ಲೆ ತೆಗೆದು ಕೊನೆಯ ಮೊಳೆಗೆ ಹಾಕಿ, ಕುಂಟುತ್ತ ಒಳಕೋಣೆಗೆ ಹೋದರು. ತಿರುಗಿ ನೋಡಲಿಲ್ಲ.

ಅಕ್ಕನ ಅಂಗೈಗಳಿಗೆ ಅವರ ಕೈಯ ಕೆಸರು ಮೆತ್ತಿತ್ತು. ಬಸ್ಸಿನಲ್ಲಿ ಕರವಸ್ತ್ರ ಕೊಟ್ಟೆ, ತೆಗೆದುಕೊಳ್ಳಲಿಲ್ಲ.